ಅಮ್ಮನ ಕೆನ್ನೆಯ ಬೂದು

ನನ್ನ ಫೋಟೋ ಮೇಷ್ಟ್ರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ನಲವತ್ತು ವರ್ಷ ಅದನ್ನು ಮುಚ್ಚಿಕೊಂಡೇ ಕ್ಯಾಮೆರಾದೊಳಗೆ ನೋಡಿದ್ದರಿಂದ ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಆಫೀಸಿಗೆ ರಜೆಯಿರುವ ಭಾನುವಾರಗಳಲ್ಲಿ ನಾನು ಚಾಮರಾಜಪೇಟೆಯ ಅವರ ಸ್ಟುಡಿಯೋಗೆ ಕಪ್ಪು-ಬಿಳುಪು ಚಿತ್ರ ತೆಗೆಯುವುದನ್ನು ಕಲಿಯಲು ಹೋಗುತ್ತಿದ್ದೆ.

ಮೊದಲ ಪಾಠಕ್ಕೆ ತಾರಸಿಯ ಹಗ್ಗದ ಮೇಲೆ ಬಿಳಿ ಪಂಚೆ ಹರವಿ, ಪಕ್ಕದಲ್ಲಿ ಕಪ್ಪು ಕೊಡೆ ತೂಗುಹಾಕಿದರು. ಪಂಚೆಯ ನೇಯ್ಗೆ, ಕೊಡೆಯ ಮಡಿಕೆ ಎರಡೂ ಒಂದೇ ಚಿತ್ರದಲ್ಲಿ ಕಾಣಬೇಕು. ನನಗೆ ಆರು ಭಾನುವಾರ ಹಿಡಿಯಿತು.

"ಬರೀ ಕಪ್ಪು, ಬರೀ ಬಿಳಿ ಯಾರ್ ಬೇಕಾದ್ರೂ ತೆಗೀತಾರಮ್ಮ. ಮನುಷ್ಯ ಇರೋದು ಮಧ್ಯದ ಬೂದು ಬಣ್ಣಗಳಲ್ಲಿ. ಬಿಳಿ ಜಾಸ್ತಿಯಾಗಿ ಹಾರಿಹೋಯ್ತೋ, ಅಲ್ಲೇನಿತ್ತು ಅಂತ ಕಂಪ್ಯೂಟರ್‌ಗೂ ಗೊತ್ತಾಗಲ್ಲ."

ಮುಖ ಬೆಳ್ಳಗೆ ಮಾಡಿಕೊಡಿ ಎಂದು ಬಂದ ಗಿರಾಕಿಗಳಿಗೆ, "ಸುಣ್ಣ ಹೊಡೆಯೋರು ಕಲಾಸಿಪಾಳ್ಯದಲ್ಲಿ ಸಿಗ್ತಾರೆ, ಹೋಗಿ ಸ್ವಾಮಿ" ಎನ್ನುತ್ತಿದ್ದರು.

ನನ್ನ ಅಮ್ಮ ಕಪ್ಪು. ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಬಳಿ ಕೂತು ಅವರೆಕಾಳು ಹಿತುಕುತ್ತಿದ್ದವಳ ಚಿತ್ರ ತೆಗೆದೆ. ಮೂಗುತಿಯ ಹೊಳಪಿನಿಂದ ಕತ್ತಿನ ಮಡಿಕೆಯ ಕಪ್ಪಿನವರೆಗೆ ಎಲ್ಲ ಛಾಯೆಗಳೂ ಅದರಲ್ಲಿ ಸಿಕ್ಕಿದ್ದವು. ಮೇಷ್ಟ್ರು ಬಹಳ ಹೊತ್ತು ನೋಡಿ, "ಇದಕ್ಕೆ ಕೈ ಹಚ್ಚಬೇಡಿ" ಎಂದರು. ಅವರಿಂದ ಅಷ್ಟು ಬಂದರೆ ಅದೇ ಹೊಗಳಿಕೆ.

ಸ್ವಲ್ಪ ದಿನಕ್ಕೇ ಅಮ್ಮ ಆಸ್ಪತ್ರೆ ಸೇರಿದಳು. ಆ ಓಡಾಟದಲ್ಲಿ ನಾನು ಆ ಚಿತ್ರದ ಇನ್ನೊಂದು ಪ್ರತಿ ಮಾಡಿಡಲಿಲ್ಲ. ಅವಳು ಹೋದ ಮೇಲೆ, ವೈಕುಂಠ ಸಮಾರಾಧನೆಗೆ ಫೋಟೋ ಹಾಕಿಸಲು ಮೇಷ್ಟ್ರೇ ಕೊಟ್ಟಿದ್ದ ಕ್ಯಾಮೆರಾದ ಕಾರ್ಡನ್ನು ಅಣ್ಣನ ಕೈಲಿ ಸ್ಟುಡಿಯೋಗೆ ಕಳಿಸಿದೆ. ಕಟ್ಟು ಹಾಕಿಸಿ ತಂದ ಫೋಟೋದಲ್ಲಿ ಅಮ್ಮನ ಕೆನ್ನೆ ಬಿಳಿ ಕಾಗದದಂತಿತ್ತು.

ಸಮಾರಾಧನೆ ಮುಗಿದ ಮರುದಿನವೇ ಸ್ಟುಡಿಯೋಗೆ ಹೋದೆ.

"ನಿಮ್ಮಣ್ಣ ಕೇಳಿದ್ರಮ್ಮ. ನೆಂಟರೆಲ್ಲ ಬರ್ತಾರೆ, ಸ್ವಲ್ಪ ಬೆಳ್ಳಗೆ ಮಾಡಿ ಅಂದ್ರು. ದುಃಖದಲ್ಲಿರೋರಿಗೆ ಇಲ್ಲ ಅನ್ನೋಕಾಗುತ್ತಾ?"

"ನಾನೂ ದುಃಖದಲ್ಲೇ ಇದ್ದೆ ಸಾರ್. ನನ್ನನ್ನ ಒಂದ್ಮಾತು ಕೇಳ್ಬಹುದಿತ್ತು. ಹೋಗ್ಲಿ, ಒರಿಜಿನಲ್ ಕೊಡಿ."

ಅವರು ಮೌಸ್ ಹಿಡಿದುಕೊಂಡೇ ಕೂತಿದ್ದರು. "ಅದರ ಮೇಲೇ ಸೇವ್ ಮಾಡ್ಬಿಟ್ಟಿದೀನಿ, ಹಳೇದು ಉಳಿದಿಲ್ಲ" ಎಂದರು. ಕಾರ್ಡನ್ನೂ ಅಳಿಸಿ ಯಾವುದೋ ಮದುವೆಗೆ ಬಳಸಿಬಿಟ್ಟಿದ್ದರು.

ಮೂರು ತಿಂಗಳು ಅವರು ಬೇರೆ ಕೆಲಸ ಬಿಟ್ಟು ಅದನ್ನೇ ಸರಿಮಾಡಲು ನೋಡಿದರಂತೆ. ಒಮ್ಮೆ ಫೋನ್ ಮಾಡಿ, "ಸ್ವಲ್ಪ ಬಂದಿದೆ, ಬಂದು ನೋಡಿ" ಎಂದು ಕರೆದರು. ಹೋದೆ. ಕೆನ್ನೆಯ ಮೇಲೆ ನೆರಳು ಚೆನ್ನಾಗಿಯೇ ಕೂತಿತ್ತು.

"ಇದು ನೀವು ಬಳಿದಿದ್ದು ಸಾರ್. ಅಮ್ಮಂದಲ್ಲ."

"ಗೊತ್ತಾಗೋಯ್ತಾ?" ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಮೆಟ್ಟಿಲಿಳಿದು ಬಂದೆ. ಮತ್ತೆ ಹೋಗಲಿಲ್ಲ, ಎರಡು ಸಲ ಫೋನ್ ಬಂದರೂ ಎತ್ತಲಿಲ್ಲ. ಕಳೆದ ತಿಂಗಳು ಅವರು ತೀರಿಕೊಂಡರೆಂದು ಅಣ್ಣನೇ ಹೇಳಿದ.

ಫೋಟೋ ನಡುಮನೆಯಲ್ಲೇ ಇದೆ. ಬಂದವರು "ಎಷ್ಟು ಲಕ್ಷಣವಾಗಿದಾರೆ" ಎನ್ನುತ್ತಾರೆ. ಅಣ್ಣನಿಗೂ ಅದು ಅಮ್ಮನೇ. ಆ ಕೆನ್ನೆಯಲ್ಲಿ ಏನೂ ಇಲ್ಲ ಎಂಬುದು ನನಗೊಬ್ಬಳಿಗೇ ಕಾಣುತ್ತದೆ. ಹಾಗೆ ನೋಡಲು ಕಲಿಸಿದವರು ಅವರು.