ಸುನ್ನೆವಾ ಓದಲು ನಿಂತದ್ದು

ಫಾರೋ ದ್ವೀಪಗಳ ಆ ಪುಟ್ಟ ಊರಿಗೆ ಪಾದ್ರಿ ಬರುವುದು ಆರು ವಾರಕ್ಕೊಮ್ಮೆ. ಉಳಿದ ಭಾನುವಾರ ಊರಿನವರೇ ಒಬ್ಬರು ಎದ್ದು ನಿಂತು, ಪುಸ್ತಕದಿಂದ ಪ್ರವಚನ ಓದಬೇಕು. ಓದುವವರಿಲ್ಲದಿದ್ದರೆ ಚರ್ಚಿನ ಗಂಟೆ ಬಾರಿಸುವಂತಿಲ್ಲ. ಮೂವತ್ತೊಂದು ವರ್ಷ ಓದಿದ ಹಾನುಸಜ್ಜನ ಗಂಟಲು ಆ ಚಳಿಗಾಲದಲ್ಲಿ ಕಟ್ಟಿಹೋಯಿತು. ಎರಡು ಭಾನುವಾರ ಗಂಟೆ ಸುಮ್ಮನಿತ್ತು.

ಗುರುವಾರ ಸುನ್ನೆವಾ ಚರ್ಚಿನ ನೆಲ ಒರೆಸುತ್ತಿದ್ದಳು. ಮೀನಿನ ಕಾರ್ಖಾನೆಯ ದಿನದ ಕೆಲಸ ಮುಗಿಸಿ ಇಪ್ಪತ್ತು ವರ್ಷದಿಂದ ಅದನ್ನೂ ಮಾಡುತ್ತಿದ್ದವಳು. ವೇದಿಯ ಹತ್ತಿರ ಮಾತ್ರ ಬೂಟು ಕಳಚಿಟ್ಟು ಹೋಗುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಅಲ್ಲಿ ಅವಳಿಗೆ ಭಯವಾಗುತ್ತಿತ್ತು.

ಹಾನುಸಜ್ಜ ಬಂದು ಪುಸ್ತಕವನ್ನು ಬೆಂಚಿನ ಮೇಲಿಟ್ಟು ಪಿಸುಗುಟ್ಟಿದ. "ಈ ಭಾನುವಾರ ನೀನು ಓದು, ಮಗಳೇ."

"ನಾನಾ? ನನ್ನ ಬಾಯಿ ಎಂಥದು ಅಂತ ಗೊತ್ತಲ್ಲ, ಅಜ್ಜ."

"ಗೊತ್ತು. ನೀನು ಬೈಯೋ ಕುರಿಗಳಿಗೂ ಗೊತ್ತು. ಆದ್ರೂ ಓದು."

ಅವನು ಹೋದ ಮೇಲೆ ಅವಳು ಆ ಭಾನುವಾರದ ಪುಟ ತೆರೆದಳು. ದೇವರನ್ನು ಸಿಂಹಾಸನದ ಮೇಲೆ ಕಂಡ ಪ್ರವಾದಿಯೊಬ್ಬ, ತನ್ನ ತುಟಿ ಹೊಲಸೆಂದು ನಡುಗಿದ ಭಾಗ ಅದು. ಸುನ್ನೆವಾ ಪುಸ್ತಕ ಮುಚ್ಚಿದಳು. ಕುರಿಗಳಿಗೆ ಬೈದದ್ದು ಅವಳನ್ನು ಕಾಡಲಿಲ್ಲ. ಒಂಬತ್ತು ವರ್ಷದ ಹಿಂದೆ ಮೈಬ್ರಿಟ್‌ಳ ಗಂಡ ಯೂಸ್ಟಿನುಸ್ ಕಡಲಲ್ಲಿ ಸತ್ತಾಗ, ಮೀನು ಸೀಳುವ ಮೇಜಿನ ಬಳಿ ಇವಳೇ ಅಂದಿದ್ದಳು, "ಕುಡಿದಿದ್ದನೋ ಏನೋ." ಸಂಜೆಯೊಳಗೆ 'ಏನೋ' ಉದುರಿಹೋಗಿ, ಕುಡಿದಿದ್ದ ಎಂಬುದಷ್ಟೇ ಮನೆಮನೆಗೂ ತಲುಪಿತ್ತು. ಆ ಬಾಯಲ್ಲಿ ಮೈಬ್ರಿಟ್‌ಳ ಎದುರು ದೇವರ ಮಾತು ಓದುವುದು ಹೇಗೆ?

ಅವಳು ನೇರ ಮೈಬ್ರಿಟ್‌ಳ ಮನೆಗೆ ಹೋದಳು. ಮೈಬ್ರಿಟ್ ಹಿತ್ತಲ ಗಾಳಿಮನೆಯಲ್ಲಿ ತೂಗುಹಾಕಿದ್ದ ಕುರಿಮಾಂಸ ಒಣಗಿದೆಯೇ ಎಂದು ನೋಡುತ್ತಿದ್ದಳು. ಸುನ್ನೆವಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು.

"ಗೊತ್ತಿತ್ತು," ಅಂದಳು ಮೈಬ್ರಿಟ್, ತಿರುಗದೆ.

"ಯಾವಾಗಿಂದ?"

"ಅವತ್ತಿಂದಲೇ. ಮೂವತ್ತು ಮನೆ ಊರು ಕಣೇ ಇದು."

"ಮತ್ತೆ ಇಷ್ಟು ವರ್ಷ ನನ್ನ ಮನೇಲಿ ಕೂತು ಕಾಫಿ ಕುಡಿದೆಯಲ್ಲ?"

"ನೀನಾಗೇ ಹೇಳ್ತೀಯೇನೋ ಅಂತ ಕಾದೆ. ಕಾಫಿನೂ ಚೆನ್ನಾಗಿ ಮಾಡ್ತೀಯ."

ಸುನ್ನೆವಾಗೆ ಅಳು ಬಂತು. "ಕ್ಷಮಿಸ್ತೀಯಾ?"

"ಅದನ್ನ ಇವತ್ತು ಕೇಳಬೇಡ. ಎಲ್ಲಿ ಅಂದೆಯೋ ಅಲ್ಲೇ ಹೋಗಿ ಸುಳ್ಳು ಅಂತ ಹೇಳು."

"ಹಾಗಾದ್ರೆ ನಾನು ಓದಲ್ಲ."

"ಓದಬೇಡ ಅಂದೆನಾ? ಎರಡು ಭಾನುವಾರದಿಂದ ಮನೇಲಿ ಒಬ್ಬಳೇ ಕೂತಿದೀನಿ. ಆ ಗಂಟೆ ಬಾರಿಸೋ ಹಾಗೆ ಮಾಡು, ಸಾಕು."

ಶುಕ್ರವಾರ ಕಾರ್ಖಾನೆಯಲ್ಲಿ ಅದೇ ಮೇಜಿನ ಬಳಿ ಸುನ್ನೆವಾ ಚಾಕು ಕೆಳಗಿಟ್ಟಳು. "ಯೂಸ್ಟಿನುಸ್ ಕುಡಿದಿರಲಿಲ್ಲ. ನನಗೇನೂ ಗೊತ್ತಿರಲಿಲ್ಲ, ಸುಮ್ಮನೆ ಅಂದುಬಿಟ್ಟೆ." ಉಳಿದ ಚಾಕುಗಳೂ ನಿಂತವು.

"ಒಂಬತ್ತು ವರ್ಷ ಬೇಕಾಯ್ತಾ ಇದನ್ನ ಹೇಳೋಕೆ?" ಎಂದು ಎದುರಿನವಳು ಕುಟುಕಿದಳು.

"ಬೇಕಾಯ್ತು."

ಭಾನುವಾರ ಗಂಟೆ ಮೊಳಗಿತು. ಸುನ್ನೆವಾ ಎದ್ದು ನಿಂತಾಗ ಮೈಬ್ರಿಟ್ ಮೂರನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಬೇಗ ಬೇಗ ಓದುತ್ತಿದ್ದ ಸುನ್ನೆವಾಳ ಧ್ವನಿ ಹೊಲಸು ತುಟಿಯ ಮಾತು ಬಂದಾಗ ಒಡೆಯಿತು. ಅವಳು ನೀರು ಕುಡಿದು ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು. ಯಾರನ್ನು ಕಳುಹಿಸಲಿ ಎಂದು ದೇವರು ಕೇಳುವಲ್ಲಿ ಅವಳ ಬೆರಳು ತುಸು ಹೊತ್ತು ನಿಂತಿತು. 'ನಾನಿದ್ದೇನೆ, ನನ್ನನ್ನು ಕಳುಹಿಸು' ಎಂಬ ಪ್ರವಾದಿಯ ಉತ್ತರವನ್ನು ಅವಳು ಮೆಲ್ಲಗೆ, ಆದರೆ ಕೊನೆಯ ಬೆಂಚಿಗೂ ಕೇಳುವಂತೆ ಓದಿದಳು.

ಹೊರಗೆ ಬಾಗಿಲಲ್ಲಿ ಎಲ್ಲರೂ ವಾಡಿಕೆಯಂತೆ ಕೈ ಕುಲುಕಿದರು. ಮೈಬ್ರಿಟ್ ಕೊನೆಯಲ್ಲಿ ಬಂದಳು. ಕೈ ಕೊಟ್ಟಳು, ಬೇಗನೆ ಬಿಡಿಸಿಕೊಂಡಳು.

"ತುಂಬ ಗಡಿಬಿಡೀಲಿ ಓದ್ತೀಯ," ಅಂದಳು. "ಬರೋ ವಾರ ನಿಧಾನ."