ಆಡಮ್ಸ್‌ಟೌನಿನಲ್ಲಿ ಮೈಸೂರು ಟೈಮು

ನಮ್ಮತ್ತೆ ರಾತ್ರಿ ಮಲಗುತ್ತಿದ್ದದ್ದು ಸಂಜೆ ಐದಕ್ಕೆ.

ಗಾಬರಿಯಾಗಬೇಡಿ. ಅವರ ವಾಚಿನಲ್ಲಿ ಆಗ ಒಂಬತ್ತೂವರೆ. ಮೂರು ತಿಂಗಳಿಗೆಂದು ಮೈಸೂರಿನಿಂದ ಐರ್ಲೆಂಡಿನ ಆಡಮ್ಸ್‌ಟೌನಿಗೆ, ನಮ್ಮ ಮನೆಗೆ ಬಂದವರು, "ಇನ್ನೇನು ಹೊರಟೇಬಿಡ್ತೀನಿ, ವಾಚ್ ಯಾಕೆ ತಿರುಗಿಸ್ಲಿ?" ಎಂದಿದ್ದರು. ಅಷ್ಟರಲ್ಲಿ ಕೊರೊನಾ ಬಂತು. ವಿಮಾನ ನಿಂತಿತು, ವಾಚ್ ನಿಲ್ಲಲಿಲ್ಲ. ಮಾರ್ಚ್ ಕೊನೆಯಲ್ಲಿ ಐರ್ಲೆಂಡಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿದಾಗಲಂತೂ ಅತ್ತೆಗೆ ಆನೆಬಲ ಬಂತು.

"ನೋಡ್ದ್ಯಾ? ನಿಮ್ ಟೈಮಿಗೆ ನೆಟ್ಟಗೆ ಒಂದು ಕಡೆ ನಿಲ್ಲೋಕೂ ಬರಲ್ಲ. ಅದನ್ನ ನಂಬ್ಕೊಂಡು ನಾನು ಊಟ ಮಾಡ್ಲಾ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯಾ?

ಹೀಗೆ ಜೂನ್ ಬಂತು. ಇಲ್ಲಿ ರಾತ್ರಿ ಹತ್ತಾದರೂ ಬೆಳಕು. ಅತ್ತೆ ಕಿಟಕಿಗೆ ಕಂಬಳಿ ಕಟ್ಟಿ ಮಲಗುತ್ತಿದ್ದರು. ನಾವು ಮಲಗಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಎದ್ದು, ತಮ್ಮ ರೂಮಿನಲ್ಲೇ ಸ್ತೋತ್ರ ಹೇಳಿಕೊಳ್ಳುತ್ತಿದ್ದರು. ನಾನು ಬೆಳಿಗ್ಗೆ ಟೋಸ್ಟ್ ತಿನ್ನುವಾಗ ಪಕ್ಕದಲ್ಲಿ ಕೂತು ಅನ್ನ ಸಾರು ಉಣ್ಣುತ್ತಿದ್ದರು. ಬಿಪಿ ಮಾತ್ರೆಯೂ ಮೈಸೂರು ಟೈಮಿಗೇ. ಯಾರಿಗೂ ತೊಂದರೆ ಇರಲಿಲ್ಲ. (ಸಂಜೆ ಅಡುಗೆಮನೆ ಪೂರ್ತಿ ನನ್ನದು. ದೂರಲು ಕಾರಣವೇ ಇರಲಿಲ್ಲ.)

ಆ ಗುರುವಾರ ಬೆಳಿಗ್ಗೆ ಎಂಟೂವರೆಯಾದರೂ ಅತ್ತೆ ಊಟಕ್ಕೆ ಇಳಿದು ಬರಲಿಲ್ಲ. ಮೇಲೆ ಹೋಗಿ ನೋಡಿದೆ. ಮಂಚದ ಅಂಚಿನಲ್ಲಿ ಕೂತಿದ್ದರು. ಬಾಯಿ ಒಂದು ಕಡೆ ಎಳೆದಿತ್ತು. ಬಲಗೈ ತೊಡೆಯ ಮೇಲೆ ಬೇರೆಯವರದೇನೋ ಎಂಬಂತೆ ಬಿದ್ದಿತ್ತು. ಏನೋ ಹೇಳಿದರು, ಅಕ್ಷರವೇ ಇರಲಿಲ್ಲ.

ಆಂಬ್ಯುಲೆನ್ಸ್ ಬಂತು. ಮೈತುಂಬಾ ಪ್ಲಾಸ್ಟಿಕ್ ಹೊದ್ದವರು ಅತ್ತೆಯನ್ನು ಕರೆದುಕೊಂಡು ಹೋದರು. ನಾವು ಜೊತೆಗೆ ಹೋಗುವಂತಿಲ್ಲ. ಫೋನ್ ಪಕ್ಕ ಇಟ್ಟುಕೊಂಡಿರಿ ಎಂದರು.

ಫೋನ್ ಬಂತು. ಡಾಕ್ಟರ್ ದಾವಣಗೆರೆಯವರು. ನನ್ನ ಇಂಗ್ಲಿಷ್ ಕೇಳಿ ಎರಡನೇ ವಾಕ್ಯಕ್ಕೇ ಕನ್ನಡಕ್ಕೆ ಬಂದರು.

"ಅಮ್ಮಾ, ತಲೆಗೆ ರಕ್ತ ಹೋಗೋ ದಾರಿ ಕಟ್ಟಿಕೊಂಡಿದೆ. ಕರಗಿಸೋಕೆ ಇಂಜೆಕ್ಷನ್ ಇದೆ. ಆದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ಅವರು ಚೆನ್ನಾಗಿದ್ದಿದ್ದನ್ನ ಕೊನೇ ಸಲ ನೋಡಿದ್ದು ಯಾವಾಗ?"

"ನಿನ್ನೆ ಸಂಜೆ ಐದಕ್ಕೆ."

"ಆಮೇಲೆ ಯಾರೂ ನೋಡಿಲ್ವಾ? ಹಾಗಾದ್ರೆ ಕೊಡೋದು ಕಷ್ಟ."

ಯಜಮಾನರನ್ನು ಕೇಳಿದೆ. ಬಾಕ್ಸ್ ರೂಮೆಂಬ ಗೂಡಿನಂಥ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡೇ ವಾರ ಕಳೆಯುವವರು. ಇಲ್ಲವೆಂದು ತಲೆಯಾಡಿಸಿದರು. ಮಗಳನ್ನು ಕೇಳಿದೆ.

"ಅಜ್ಜಿ ವಾಸ್ ಗ್ರ್ಯಾಂಡ್!" (ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಚೆನ್ನಾಗಿದ್ದರು ಅಂತ ಅಷ್ಟೇ.)

"ಯಾವಾಗ್ ನೋಡಿದ್ದೇ?"

"ಟ್ಯೂಸ್‌ಡೇ, ಐ ಥಿಂಕ್."

ಆಗ ಹೊಳೆಯಿತು: ಸರೋಜಮ್ಮ! ಅತ್ತೆಯ ತಂಗಿ. ದಿನಾ ಅಡುಗೆ ಮುಗಿಸಿ ಮೈಸೂರಿನಿಂದ ವಿಡಿಯೋ ಕಾಲ್ ಮಾಡುವವರು. ಡಾಕ್ಟರ್ ಲೈನಿನಲ್ಲಿರುವಾಗಲೇ ಯಜಮಾನರ ಫೋನಿನಿಂದ ಮಾಡಿ, ಎರಡನ್ನೂ ಸ್ಪೀಕರಿಗೆ ಹಾಕಿದೆ.

"ಮಾತಾಡಿದ್ನಲ್ಲೇ, ಹನ್ನೊಂದೂವರೆಗೆ! ಹುರುಳಿಕಾಯಿ ಪಲ್ಯಕ್ಕೆ ಬೆಲ್ಲ ಹಾಕ್ದೆ ಅಂತ ಬೈದಳು."

"ಬಾಯಿ ಸೊಟ್ಟ ಆಗಿತ್ತಾ ಚಿಕ್ಕತ್ತೆ? ಮಾತು ತೊದಲ್ತಿತ್ತಾ?"

"ತೊದಲಿದ್ರೆ ಅಷ್ಟು ಉದ್ದ ಬೈಯೋಕಾಗುತ್ತಾ?"

ಯಜಮಾನರು ಗೋಡೆ ಗಡಿಯಾರ ನೋಡಿ ಬಿಳುಚಿಕೊಂಡರು. "ಹನ್ನೊಂದೂವರೆ ಇನ್ನೂ ಆಗೇ ಇಲ್ವಲ್ಲೇ! ನಿನ್ನೆ ರಾತ್ರೀದಾ?" ದಿನವಿಡೀ ಬೆಂಗಳೂರಿನ ಟೀಮಿಗೆ ಮೀಟಿಂಗ್ ಗೊತ್ತುಮಾಡುವ ಮನುಷ್ಯ ಬೆರಳು ಮಡಚಿ ಎಣಿಸತೊಡಗಿದರು. ಎರಡು ಸಲ ಎಣಿಸಿದರು. ಎರಡು ಉತ್ತರ ಬಂತು.

"ಸರ್, ಬಿಡಿ," ಎಂದರು ಡಾಕ್ಟರ್. "ನಮ್ಮಮ್ಮನೂ ಅದೇ ಹೊತ್ತಿಗೆ ಫೋನ್ ಮಾಡ್ತಾರೆ. ಅಲ್ಲಿ ಹನ್ನೊಂದೂವರೆ ಅಂದ್ರೆ ಇಲ್ಲಿ ಬೆಳಿಗ್ಗೆ ಏಳು. ಈಗಿನ್ನೂ ಹತ್ತು. ಟೈಮ್ ಇದೆ."

ಫೋನ್ ಇಟ್ಟರು. ನಾನು ಅತ್ತೆಯ ಅನ್ನಕ್ಕೆ ತಟ್ಟೆ ಮುಚ್ಚಿದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ.

ಇಂಜೆಕ್ಷನ್ ಕೊಟ್ಟರು. ಬಲಗೈ ಇನ್ನೂ ಸ್ವಲ್ಪ ಸೋಮಾರಿ, ಮಾತು ಮಾತ್ರ ಪೂರ್ತಿ ವಾಪಸ್ ಬಂದಿದೆ. (ಪೂರ್ತಿ ಎಂದರೆ ಪೂರ್ತಿ.)

ಮನೆಗೆ ಕಳಿಸುವ ಮುಂಚೆ ಡಾಕ್ಟರ್ ಫೋನಿನಲ್ಲಿ ತಿಳಿಸಿ ಹೇಳಿದರು. ನಿದ್ದೆಯಲ್ಲಿ ಇಳಿಯುವ ಬಿಪಿ ಏಳುವ ಹೊತ್ತಿಗೆ ಏರುತ್ತದಂತೆ. ಸ್ಟ್ರೋಕ್ ಆಗುವುದು ಬೆಳಗಿನ ಹೊತ್ತೇ ಹೆಚ್ಚಂತೆ. ದೇಹ ವಾಚ್ ನೋಡುವುದಿಲ್ಲ, ಬೆಳಕು ನೋಡುತ್ತದಂತೆ. "ನಿಮ್ಮತ್ತೆಯವರಿಗೆ ಇದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ. ಆದ್ರೂ ನಿದ್ದೆ, ಮಾತ್ರೆ, ಬೆಳಕು ಎಲ್ಲಾ ಒಂದೇ ಊರಲ್ಲಿರ್ಲಿ. ಅಂದ ಹಾಗೆ, ಅವರಿಗೆ ಬೆಳಿಗ್ಗೆ ಅಂದ್ರೆ ಯಾವಾಗ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರ ಸೂರ್ಯ ಏಳುತ್ತಿದ್ದದ್ದು ಮೈಸೂರಿನಲ್ಲಿ, ಅವರು ಏಳುತ್ತಿದ್ದದ್ದು ನಮ್ಮ ನಡುರಾತ್ರಿಯಲ್ಲಿ. ಯಾವುದನ್ನು ಹೇಳುವುದು?

ಈಗ ಕಂಬಳಿ ತೆಗೆದಿದ್ದೇವೆ. ಅತ್ತೆ ವಾಚ್ ತಿರುಗಿಸಲು ಒಪ್ಪಿದ್ದಾರೆ, ಡಾಕ್ಟರ್ ದಾವಣಗೆರೆಯವರೆಂಬ ಒಂದೇ ಕಾರಣಕ್ಕೆ. ಬೆಳಿಗ್ಗೆ ನಮ್ಮ ಜೊತೆ ಟೋಸ್ಟ್ ತಿಂದು, ಅದು ಒಣಗಿದೆ ಎನ್ನುತ್ತಾರೆ.

ಲಾಕ್‌ಡೌನಿನಲ್ಲಿ ಮನೆಮಂದಿಯೆಲ್ಲ ಹತ್ತಿರವಾದೆವು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಫೋನಿನಲ್ಲಿ ಎಷ್ಟೋ ಜನರಿಗೆ ಹೇಳಿದ್ದೆ. ಅತ್ತೆಯ ಜೊತೆ ಒಂದೇ ಸೂರಿನಡಿ ನಾವು ಮೂವರಿದ್ದೆವು, ಆ ಬೆಳಿಗ್ಗೆ ಅವರ ಮುಖ ನೋಡಿದ್ದವರು ಮೈಸೂರಿನಲ್ಲಿದ್ದರು.

ನಿಮ್ಮ ಮನೆಯವರನ್ನು ಇವತ್ತು ಎಷ್ಟು ಗಂಟೆಗೆ ನೋಡಿದಿರಿ?