ಕಾಲುವೆ ಏರಿ ಮತ್ತು ಮೂರನೇ ಗಿಯರ್

ನಾನು ಎಂಟನೆಯ ತರಗತಿಯಲ್ಲಿದ್ದ ಆ ಕಾಲದಲ್ಲಿ, ಸಿರುಗುಪ್ಪದ ಗದ್ದೆಗಳಲ್ಲಿ ನೆಲ್ಲು ಒಕ್ಕಲು ತೊಡಗಿದರೆಂದರೆ ನಮ್ಮ ಮನೆಗೆಲ್ಲ ಹಸಿ ಹುಲ್ಲಿನ, ಡೀಸೆಲ್ಲಿನ ವಾಸನೆ ಅಂಟಿಕೊಳ್ಳುತ್ತಿತ್ತು. ಅಪ್ಪ ಧಣಿಯೊಬ್ಬರ ಟ್ರ್ಯಾಕ್ಟರ್ ನಡೆಸುತ್ತಿದ್ದ. ಭಾನುವಾರ ಬಂತೆಂದರೆ ನಾನು ಅವನ ಪಕ್ಕದ ಮಡ್‌ಗಾರ್ಡಿನ ಮೇಲೆ ಕುಳಿತು, ಕಾಗದದ ಪೊಟ್ಟಣದ ಒಗ್ಗಾಣಿ-ಮಿರ್ಚಿ ತಿನ್ನುತ್ತ, ಕುರುಗೋಡು ರಸ್ತೆಯ ಅಕ್ಕಿ ಗಿರಣಿಯವರೆಗೆ ಹೋಗುತ್ತಿದ್ದೆ.

ಮೂರನೆಯ ತರಗತಿಗೇ ಶಾಲೆ ಬಿಟ್ಟಿದ್ದ ಅಪ್ಪನಿಗೆ ನನ್ನ ಓದಿನ ಮೇಲೆ ಅಪಾರ ಭಕ್ತಿ. ಮಳೆಯಾಗಲಿ, ಗೊಬ್ಬರವಾಗಲಿ, ಅವ್ವನ ಕೆಮ್ಮಾಗಲಿ, "ನಿನ್ನ ಪುಸ್ತಕದಾಗ ಏನಂತೈತವ್ವಾ?" ಎಂದು ಮೊದಲು ನನ್ನನ್ನೇ ಕೇಳುತ್ತಿದ್ದ. ನಾನೋ ತರಗತಿಯ ಮಾನಿಟರ್; ವ್ಯಾಖ್ಯೆಗಳನ್ನು ಒಂದಕ್ಷರ ಬಿಡದೆ ಒಪ್ಪಿಸುವವಳು.

ಗದ್ದೆಯಿಂದ ರಸ್ತೆ ಸೇರಲು ಕಾಲುವೆಯ ಏರಿ ಹತ್ತಲೇಬೇಕಿತ್ತು. ಅದರ ಬುಡದಲ್ಲಿ ಅಪ್ಪ ಪ್ರತಿಸಲವೂ ಗಾಡಿ ನಿಲ್ಲಿಸಿ, ಸಣ್ಣ ಗಿಯರಿಗೆ ಹಾಕಿ, ಆಮೆಯಂತೆ ಹತ್ತಿಸುತ್ತಿದ್ದ. ಗಿರಣಿಯ ಹಮಾಲಿ ಖಾಜಾ ಮಾಮ ದೊಡ್ಡ ಕಲ್ಲೊಂದನ್ನು ಎತ್ತಿಕೊಂಡು, ನೆಲ್ಲಿನ ಮೂಟೆ ತುಂಬಿದ ಟ್ರೇಲರಿನ ಹಿಂದೆ ನಡೆಯುತ್ತಿದ್ದರು. ಗಾಡಿ ಹಿಂದಕ್ಕೆ ಜಾರಿದರೆ ಗಾಲಿಗೆ ಒಡ್ಡಲು ಆ ಕಲ್ಲು.

"ಇಷ್ಟು ನಿಧಾನ ಯಾಕಪ್ಪಾ?" ಎಂದೆ, ಒಂದು ಭಾನುವಾರ, ಏರಿಯ ಬುಡದಲ್ಲಿ.

"ಓಡೋ ತಾಕತ್ತು ಬ್ಯಾರೆ, ಜಗ್ಗೋ ತಾಕತ್ತು ಬ್ಯಾರೆ ಐತವ್ವಾ. ಏರಿಗೆ ಜಗ್ಗೋದು ಬೇಕು."

"ಎರಡಿಲ್ಲಪ್ಪಾ, ಒಂದ ಇರೋದು. ಏಕಮಾನ ಕಾಲದಲ್ಲಿ ಮಾಡಿದ ಕೆಲಸವೇ ಸಾಮರ್ಥ್ಯ. ಲಗೂನ ಹತ್ತಿದ್ರ ಸಾಮರ್ಥ್ಯ ಜಾಸ್ತಿ. ಮೂರನೇ ಗಿಯರಿನಾಗ ಜೋರಾಗಿ ಹೊಡಿ."

ಕಲ್ಲು ಹಿಡಿದು ಪಕ್ಕದಲ್ಲಿ ನಿಂತಿದ್ದ ಖಾಜಾ ಮಾಮ ನಕ್ಕರು. "ಏ ತಿಮ್ಮಣ್ಣಾ, ಈಕಿ ಮಾತು ಕೇಳಿದ್ರ ಗಾಡಿ ಸಾಲಿಗೆ ಹೋಗ್ತೈತಿ ನೋಡು, ಗಿರಣಿಗಲ್ಲ!"

"ನಗಬ್ಯಾಡಲೇ ಖಾಜಾ. ನನ್ನ ಮಗಳು ಓದ್ಯಾಳ."

ಅಪ್ಪನ ಅಂಗೈ ಗಿಯರಿನ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಮೂರಕ್ಕೆ ಹಾಕಿದ. ಖಾಜಾ ಮಾಮ ಕಲ್ಲು ಹೊತ್ತು ಹಿಂದೆ ಓಡಿದರು.

ಅರ್ಧ ಏರಿಯವರೆಗೆ ಗೆಲುವು ನನ್ನದೇ. ಅನಂತರ ಇಂಜಿನ್ನಿನ ಸದ್ದು ದಪ್ಪವಾಗಿ, ಬಿಡಿಬಿಡಿಯಾಗಿ, ಗಾಡಿ ಮೈಯೆಲ್ಲ ನಡುಗಿ ನಿಂತೇಬಿಟ್ಟಿತು. ಬ್ರೇಕಿಗೆ ಆ ಭಾರ ತಡೆಯಲಾಗದೆ ಗಾಡಿ ಹಿಂದಕ್ಕೆ ಜಾರತೊಡಗಿತು.

"ಕಲ್ಲು! ಖಾಜಾ, ಕಲ್ಲಿಡಲೇ!"

ಖಾಜಾ ಮಾಮ ಕಲ್ಲಿಟ್ಟರು. ಕಾಲು ತೆಗೆಯುವಷ್ಟು ಹೊತ್ತು ಸಿಗಲಿಲ್ಲ. ಟ್ರೇಲರ್ ನಿಂತದ್ದು ಕಲ್ಲಿನಿಂದಲೋ ಅವರ ಪಾದದಿಂದಲೋ, ನನಗೆ ಇಂದಿಗೂ ತಿಳಿಯದು.

ಬಳ್ಳಾರಿಯ ಆಸ್ಪತ್ರೆಗೆ ಬಂದ ಧಣಿ, "ಏನೋ ತಿಮ್ಮಾ, ಆ ಏರಿ ನಿನಗೇನು ಹೊಸದೇನೋ?" ಎಂದು ಗದರಿದರು.

"ತಪ್ಪು ನಂದ ಐತ್ರಿ ಧಣೇರ. ಸಣ್ಣ ಗಿಯರಿಗೆ ಹಾಕೋದು ಮರತ್ನಿ."

ಮಂಚದ ಮೇಲಿದ್ದ ಖಾಜಾ ಮಾಮ ನನ್ನತ್ತ ನೋಡಿದರು. ಮೂರಕ್ಕೆ ಹಾಕಿಸಿದವಳು ನಾನೆಂದು ಧಣಿಗೆ ನಾನು ತಿಳಿಸಲಿಲ್ಲ. ಖಾಜಾ ಮಾಮನಿಗೆ ಮತ್ತೆ ಮೂಟೆ ಹೊರಲಾಗಲಿಲ್ಲ. ಟ್ರ್ಯಾಕ್ಟರ್ ಕೈತಪ್ಪಿದ ಅಪ್ಪ, ಮರುವಾರದಿಂದ ಅದೇ ಗಿರಣಿಯಲ್ಲಿ ಅವರ ಜಾಗದಲ್ಲಿ ಮೂಟೆ ಹೊತ್ತ.

ಮುಂದೆ ನಾನು ವಿಜ್ಞಾನದ ಶಿಕ್ಷಕಿಯಾದೆ. ತಿರುಗಿಸುವ ಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆದೆ. ಅಪ್ಪ ಹೇಳಿದ್ದ ಎರಡು ತಾಕತ್ತುಗಳೂ ಆ ಒಂದೇ ಸಾಲಿನಲ್ಲಿದ್ದವು. ಸಣ್ಣ ಗಿಯರ್ ಸಾಮರ್ಥ್ಯವನ್ನು ಹೆಚ್ಚಿಸುವುದಿಲ್ಲ. ವೇಗವನ್ನು ಬಿಟ್ಟುಕೊಟ್ಟು ಗಾಲಿಗೆ ಬಲವನ್ನು ತಂದುಕೊಡುತ್ತದೆ. ನನ್ನ ವ್ಯಾಖ್ಯೆ ತಪ್ಪಾಗಿರಲಿಲ್ಲ. ಆ ಇಂಜಿನ್ನಿಗೆ ಕೊಡಲಾಗದ್ದನ್ನು ನಾನು ಕೇಳಿದ್ದೆ.

ಅಪ್ಪ ಈಗ ಬಳ್ಳಾರಿಯಲ್ಲಿ ನನ್ನೊಂದಿಗೇ ಇದ್ದಾನೆ. ಆ ಭಾನುವಾರದ ಬಗ್ಗೆ ಅವನು ನನ್ನನ್ನು ಒಮ್ಮೆಯೂ ಬೈದಿಲ್ಲ. ಪುಸ್ತಕದಲ್ಲಿ ಏನಿದೆಯೆಂದು ಮತ್ತೊಮ್ಮೆ ಕೇಳಿಯೂ ಇಲ್ಲ. ಮೊನ್ನೆ, ಹೊಸ ಮಾತ್ರೆಯನ್ನು ಊಟಕ್ಕೆ ಮೊದಲು ನುಂಗಬೇಕೋ ಅನಂತರವೋ ಎಂದು ಕೇಳಲು, ಚೀಟಿ ಹಿಡಿದು ಕೌಲ್ ಬಜಾರಿನ ಔಷಧಿ ಅಂಗಡಿಯವರೆಗೆ ನಡೆದುಹೋಗಿ ಬಂದ. ನಾನು ಬಾಗಿಲಲ್ಲೇ ಓದುವ ಕನ್ನಡಕ ಹಾಕಿಕೊಂಡು ಕುಳಿತಿದ್ದೆ.